ಬಿಳಿ ಕುದುರೆಯೇ ಬೇಕು

ಬೇಸಿಗೆ ರಜೆಗೆಂದು ಮಗಳನ್ನು ಕರೆದುಕೊಂಡು ಗಂಡ ಹೆಂಡತಿ ಕುದುರೆ ಫಾರ್ಮಿಗೆ ಬಂದಿದ್ದರು. ಕುದುರೆ ಕಂಡದ್ದೇ ಐದು ವರ್ಷದ ಅವಳು ಅಳತೊಡಗಿದಳು.

"ಪುಕ್ಕಲಿ. ಥೇಟ್ ಅಮ್ಮನ ಥರಾನೇ," ಎಂದ ಗಂಡ.

ಫ್ಯಾನ್ ಒರೆಸಲು ಸ್ಟೂಲ್ ಹತ್ತಿದರೆ ಕಾಲು ನಡುಗುವ ಈ ಶೂರ, ಎಲ್ಲಕ್ಕಿಂತ ಎತ್ತರದ ಬಿಳಿ ಕುದುರೆಯೇ ಬೇಕೆಂದ.

"ಅದು ಬೇಡ ಸಾರ್, ಅದು..." ಎಂದು ಕುದುರೆ ನೋಡಿಕೊಳ್ಳುವ ಮುದುಕ ಬಾಯಿ ತೆರೆದ.

"ನಂಗೇ ಹೇಳಿಕೊಡ್ತೀಯಾ? ಯಜಮಾನ ಯಾರು ಅಂತ ಕುದುರೆಗೆ ಗೊತ್ತಾಗ್ಬೇಕು, ಅಷ್ಟೆ."

ಹತ್ತಿ ಕುಳಿತು ಲಗಾಮು ಜಗ್ಗಿದ, ಗದರಿದ, ಹಿಮ್ಮಡಿಯಿಂದ ತಿವಿದ. ಕುದುರೆ ಕಿವಿಯನ್ನೂ ಅಲುಗಿಸಲಿಲ್ಲ.

"ಅದು ಮದುವೆ ಮೆರವಣಿಗೆ ಕುದುರೆ, ತಾಯಿ," ಎಂದು ಮುದುಕ ಮಗುವಿನ ಅಮ್ಮನಿಗೆ ಮೆಲ್ಲನೆ ಹೇಳಿದ. "ಡೋಲು ಬಾರಿಸದೆ ಹೆಜ್ಜೆ ಇಡಲ್ಲ. ಬಾರಿಸಿದ್ರೆ ನಿಲ್ಸೋವರ್ಗೂ ಕುಣಿಯುತ್ತೆ."

ಅವಳು ಅಲ್ಲಿದ್ದ ತಗಡಿನ ಬಕೆಟ್ಟನ್ನು ಬೋರಲು ಹಾಕಿ, ಮಗಳ ಕೈಗೊಂದು ಕೋಲು ಕೊಟ್ಟಳು.

ಬಿಳಿ ಕುದುರೆ ಮುಂಗಾಲೆತ್ತಿ ಕುಣಿಯಿತು. ಶೂರ ಅದರ ಕತ್ತನ್ನು ತಬ್ಬಿಕೊಂಡು, "ಅಯ್ಯೋ, ನಿಲ್ಸೇ, ನಿಲ್ಸೇ," ಎಂದು ಅರಚಿದ.

"ಅಮ್ಮಾ, ನಿಲ್ಲಿಸ್ಲಾ?" ಮಗಳು ನಗುತ್ತ ಕೇಳಿದಳು.

"ಕೈ ನೋವಾದ್ರೆ ಹೇಳು ಪುಟ್ಟಿ," ಎಂದಳು ತಾಯಿ. "ನಾನು ಬಾರಿಸ್ತೀನಿ."