ಆರು ಮಿಣುಕಿನ ಫರಕು

ಜಗಲಿಯ ಮೀಟರಿನ ಮುಂದೆ ಕುರ್ಚಿ ಹಾಕಿಸಿದ ಇಸ್ಮಾಯಿಲಸಾಬರು ಒಳಗೆ ಹೋಗಿ ಫ್ರಿಜ್ಜು, ಫ್ಯಾನು, ಟಿವಿ ಎಲ್ಲವನ್ನೂ ತಾವೇ ಆರಿಸಿ ಬಂದರು. ಮೊಬೈಲ್ ಚಾರ್ಜರನ್ನೂ ಬಿಡಲಿಲ್ಲ. ಸೊಸೆ ಗುಲ್ನಾಜಳ ಹೊಲಿಗೆ ಯಂತ್ರದ ಪ್ಲಗ್ಗು ಕಿತ್ತು ಅವಳ ಕೈಗೇ ಕೊಟ್ಟರು. ಬೆಟಗೇರಿಯ ಮೇ ತಿಂಗಳ ಮಧ್ಯಾಹ್ನ. ಇನ್ನೊಂದು ತಾಸು ಈ ಮನೆಯಲ್ಲಿ ಕರೆಂಟು ಕುಡಿಯುವ ಹಕ್ಕು ಒಂದೇ ಒಂದು ಕಂಪ್ಯೂಟರಿಗೆ.

ಜಗಳ ಹಾರ್ಡ್‌ಡಿಸ್ಕಿನದು. ಇಸ್ಮಾಯಿಲಸಾಬರ ಇಬ್ಬರು ಮಕ್ಕಳು ಕೂಡಿ ನಡೆಸುವ ಫೋಟೊ ಸ್ಟುಡಿಯೋದಲ್ಲಿ ಶಿರಹಟ್ಟಿ, ಮುಂಡರಗಿಯವರೆಗಿನ ಮದುವೆಗಳ ವಿಡಿಯೋಗಳೆಲ್ಲ ಒಂದು ಹಳೆಯ ಡಿಸ್ಕಿನಲ್ಲಿ ತುಂಬಿಕೊಂಡಿದ್ದವು. ಹಿರಿಯ ಮಗ ಯೂಸುಫ, ಅಂದರೆ ಗುಲ್ನಾಜಳ ಗಂಡ, ಯಾರನ್ನೂ ಕೇಳದೆ ಹೊಸದೊಂದು ತಂದ. ಹಳೆಯದು ಎಂಟೊಂಬತ್ತು ವ್ಯಾಟ್ ಕುಡಿದು ಕೈ ಸುಡುವಷ್ಟು ಕಾಯುತ್ತದೆ, ಹೊಸದು ನಿಧಾನ ತಿರುಗಿ ನಾಲ್ಕೈದರಲ್ಲಿ ಕೆಲಸ ಮುಗಿಸುತ್ತದೆ ಎಂದ. ಕಿರಿಯ ಅಯ್ಯೂಬ ಹಳೆಯದರ ಪಕ್ಷ. ಡಬ್ಬಿಯ ಮೇಲೆ ಬರೆದಿದ್ದನ್ನೆಲ್ಲ ನಂಬುವವನು ಅಂಗಡಿ ನಡೆಸಬಾರದು ಎಂದುಬಿಟ್ಟ. ಮಾತಿಗೆ ಮಾತು ಬೆಳೆಯಿತು, ಆಮೇಲೆ ಮಾತೇ ನಿಂತಿತು. ಎರಡು ತಿಂಗಳಿಂದ ಒಂದೇ ತಾಟಿನ ಮುಂದೆ ಕೂತರೂ ಅಣ್ಣ ತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಕೊನೆಗೆ ಇಸ್ಮಾಯಿಲಸಾಬರು ತೀರ್ಪು ಕೊಟ್ಟರು. ಯಾರ ಡಿಸ್ಕು ಕಡಿಮೆ ಕುಡಿಯುತ್ತದೋ ಅವನಿಗೆ ಬೆಟಗೇರಿಯ ಅಂಗಡಿ. ಸೋತವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಲಕ್ಷ್ಮೇಶ್ವರಕ್ಕೆ ಹೋಗಿ ಹೊಸದು ತೆರೆಯಬೇಕು. ಮೂರು ದಿನ ಪರೀಕ್ಷೆ, ಎರಡು ದಿನ ಗೆದ್ದವನೇ ಗೆದ್ದಂತೆ. ಒಂದೇ ಕಂಪ್ಯೂಟರು, ಡಿಸ್ಕು ಮಾತ್ರ ಬದಲು, ಒಂದೊಂದಕ್ಕೂ ಅರ್ಧ ತಾಸು. ಕರೆಂಟು ಹೆಚ್ಚು ಕುಡಿದಷ್ಟೂ ಹೆಚ್ಚು ಮಿಣುಕುವ ಮೀಟರಿನ ಕೆಂಪು ದೀಪ ಎಷ್ಟು ಸಲ ಮಿಣುಕುತ್ತದೆ ಎಂದು ಎಣಿಸುವುದು, ಅಷ್ಟೇ. ಎಣಿಸಲಿಕ್ಕೆಂದು ಅವರು ತಮ್ಮ ತಸ್ಬಿ ತೆಗೆದರು. ಹೆಂಡತಿ ದಿಲಶಾದಬಿ ಅದನ್ನು ಕಸಿದುಕೊಂಡು, ದೇವರ ಹೆಸರು ಎಣಿಸುವ ಮಣಿಗಳಲ್ಲಿ ಕರೆಂಟು ಎಣಿಸಬೇಡಿರೆಂದು ಒಳಗೆ ನಡೆದರು. ಹಾಗಾಗಿ ಬಾಯೆಣಿಕೆಯೇ ಗತಿಯಾಯಿತು.

"ತನ್ನದನ್ನ ತಾನ ಎಣಿಸಿದ್ರ ಕಣ್ಣು ಕಡಿಮಿ ನೋಡತೈತಿ," ಎಂದರು ಇಸ್ಮಾಯಿಲಸಾಬರು. "ಅವಂದು ಇವ ಎಣಸ್ಲಿ, ಇವಂದು ಅವ ಎಣಸ್ಲಿ."

ಇದೆಂಥ ನ್ಯಾಯವೋ ಗುಲ್ನಾಜಳಿಗೆ ತಿಳಿಯಲಿಲ್ಲ. ಎದುರಾಳಿಯದನ್ನು ಎಣಿಸುವವನ ಕಣ್ಣು ಹೆಚ್ಚು ನೋಡುವುದಿಲ್ಲವೇ? ತನ್ನ ಗಂಡನಿಗೆ ಮೋಸ ಬರುವುದಿಲ್ಲ, ಅದು ಹತ್ತು ವರ್ಷ ಸಂಸಾರ ಮಾಡಿದವಳ ದೂರು. ಅಯ್ಯೂಬ ಹಾಗಲ್ಲ. ನಗುನಗುತ್ತಲೇ ಗಿರಾಕಿಯ ಕೈಗೆ ಎರಡು ಆಲ್ಬಮ್ ಹೆಚ್ಚಿಗೆ ದಾಟಿಸುವ ಮನುಷ್ಯ.

ಸೋತರೆ ಲಕ್ಷ್ಮೇಶ್ವರ. ಗುಲ್ನಾಜ ಹತ್ತು ವರ್ಷದಿಂದ ಜಗಲಿಯ ಕಡೆಯ ಕಿಟಕಿಯಲ್ಲಿ ಕೂತು ಈ ಓಣಿಯ ಹೆಂಗಸರ ಜಂಪರು ಹೊಲಿದವಳು. ಯಾರ ತೋಳು ಎಷ್ಟು ದಪ್ಪ ಎಂಬುದು ಟೇಪು ಹಿಡಿಯದೆ ಗೊತ್ತು. ಅಲ್ಲಿ ಹೋದರೆ ಎಲ್ಲರನ್ನೂ ಮೊದಲಿನಿಂದ ಅಳೆಯಬೇಕು. ಆದರೆ ಲೆಕ್ಕ ಅವಳ ಕಡೆಗಿತ್ತು. ಹೊಸ ಡಿಸ್ಕಿಗೆ ಅರ್ಧ ತಾಸಿಗೆ ಆರು ಮಿಣುಕು ಕಡಿಮೆ ಬರಲೇಬೇಕು ಎಂದು ಯೂಸುಫನೇ ಮೊದಲೊಮ್ಮೆ ಹಾಳೆಯ ಮೇಲೆ ಬರೆದು ತೋರಿಸಿದ್ದ. ಗೆಲ್ಲಲು ಅಷ್ಟು ಸಾಕು.

ಮೊದಲ ದಿನ ಯೂಸುಫ ಹಳೆಯ ಡಿಸ್ಕನ್ನು ಎಣಿಸಿ ತೊಂಬತ್ತೆರಡು ಎಂದ. ಅಯ್ಯೂಬ ಹೊಸದನ್ನು ಎಣಿಸಿ ತೊಂಬತ್ತೊಂದು ಎಂದ. ಗೆಲುವೇನೋ ಸರಿ, ಉಳಿದ ಐದು ಮಿಣುಕು ಎಲ್ಲಿ ಹೋದವು?

ಎರಡನೆಯ ದಿನ ಸರದಿ ತಿರುವಿದರು. ಅಯ್ಯೂಬ ಮೊದಲು ಕೂತು ಹೊಸದಕ್ಕೆ ಎಂಬತ್ತೈದು ಹೇಳಿದ. ಆಮೇಲೆ ಕೂತ ಯೂಸುಫ ಹಳೆಯದಕ್ಕೆ ಎಂಬತ್ತೆರಡು ಹೇಳಿದ. ಕೈ ಸುಡುವ ಡಿಸ್ಕು ಗೆದ್ದಿತ್ತು. ಈ ಬೇಸಿಗೆಗೆ ಕರೆಂಟೂ ತೆಳ್ಳಗಾಗಿದೆ ಎಂದು ಇಸ್ಮಾಯಿಲಸಾಬರು ಸಮಾಧಾನ ಮಾಡಿಕೊಂಡರು. ಗುಲ್ನಾಜ ಮಾಡಿಕೊಳ್ಳಲಿಲ್ಲ. ಅಯ್ಯೂಬ ಹೊಸ ಡಿಸ್ಕಿನ ಲೆಕ್ಕಕ್ಕೆ ಹೆಚ್ಚಿಗೆ ಸೇರಿಸುತ್ತಿದ್ದಾನೆ, ಇನ್ನೇನು? ಗಂಡನನ್ನು ಕೇಳಿದರೆ, ಲೆಕ್ಕ ಅಂದಮೇಲೆ ಲೆಕ್ಕ ಎಂದು ಆಚೆ ನೋಡಿದ.

ಮೂರನೆಯ ದಿನ ಅವಳು ಕಿಟಕಿಯ ಪರದೆ ಎಳೆದು, ಸಂದಿಯಲ್ಲಿ ಕಣ್ಣಿಟ್ಟು, ಗುಂಡಿಯ ಡಬ್ಬಿ ಹಿಡಿದು ಕೂತಳು. ಒಂದು ಮಿಣುಕಿಗೆ ಒಂದು ಗುಂಡಿ ಮಡಿಲಿಗೆ. ದೀಪ ನಿಧಾನವಾಗಿ ಮಿಣುಕುತ್ತಿತ್ತು, ತೂಕಡಿಸುತ್ತ ಎಣಿಸಿದರೂ ತಪ್ಪುವಂತಿರಲಿಲ್ಲ. ಮೊದಲು ಹಳೆಯ ಡಿಸ್ಕು. ಅರ್ಧ ತಾಸಿಗೆ ನೂರಾ ಎರಡು ಗುಂಡಿಗಳಾದವು.

"ಎಪ್ಪತ್ತು," ಎಂದ ಯೂಸುಫ, ನೆಲ ನೋಡುತ್ತ.

ಗುಲ್ನಾಜಳ ಮೈ ಉರಿಯಿತು. ಮೂವತ್ತೆರಡು ಮಿಣುಕು ನುಂಗಿದವನು ಅವಳ ಗಂಡನೇ! ಮುಖ ತಿರುಗಿಸಿಕೊಂಡು ಓಡಾಡುವ ತಮ್ಮನಿಗೆ ಅಂಗಡಿಯನ್ನು ತಟ್ಟೆಯಲ್ಲಿಟ್ಟು ಕೊಡುತ್ತಿದ್ದಾನೆ, ಜೊತೆಗೆ ಅವಳ ಓಣಿಯನ್ನೂ. ಸಿಟ್ಟಿಗಿಂತ ಅಳು ಹೆಚ್ಚಾಗಿ ಬಂತು. ಹೊಸದರ ಲೆಕ್ಕವೂ ಕೈಯಲ್ಲಿರಲಿ, ಎಲ್ಲವನ್ನೂ ಮಾವನ ಮುಂದೆ ಸುರಿದೇಬಿಡುತ್ತೇನೆ ಎಂದುಕೊಂಡು ಗುಂಡಿಗಳನ್ನು ಡಬ್ಬಿಗೆ ಹಾಕಿ ಮತ್ತೆ ಮೊದಲಿನಿಂದ ಎಣಿಸತೊಡಗಿದಳು.

ಅಯ್ಯೂಬ ಮೀಟರಿನಿಂದ ಕಣ್ಣು ಕೀಳಲಿಲ್ಲ. ಕುತ್ತಿಗೆಯಿಂದ ಬೆವರು ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಅರ್ಧ ತಾಸು ಮುಗಿಯಿತು. ಎಷ್ಟಾಯಿತೆಂದು ಇಸ್ಮಾಯಿಲಸಾಬರು ಕೇಳಿದರು. ಅಯ್ಯೂಬ ಎರಡು ತಿಂಗಳಲ್ಲಿ ಮೊದಲ ಸಲ ಅಣ್ಣನ ಮುಖ ನೋಡಿದ.

"ಅರವತ್ತೊಂಬತ್ತು, ಅಬ್ಬಾ. ಅಂಗಡಿ ಭಾಯ್‌ಂದು."

ಗುಲ್ನಾಜ ಮಡಿಲಲ್ಲಿದ್ದ ಗುಂಡಿಗಳನ್ನು ಎರಡು ಸಲ ಎಣಿಸಿದಳು. ಎರಡು ಸಲವೂ ತೊಂಬತ್ತಾರೇ ಇದ್ದವು.