ಊರು ಬಿಡುವ ದೇವರ ಜಳಕ

ಅಣೆಕಟ್ಟಿನ ನೀರು ನುಗ್ಗುವ ಮೊದಲು ಹಳೆಯ ಗುಡಿಯನ್ನು ಬಿಚ್ಚಿ, ಇದ್ದ ಹಾಗೆಯೇ ಗುಡ್ಡದ ಮೇಲೆ ಮತ್ತೆ ಕಟ್ಟುವುದೆಂದು ತೀರ್ಮಾನವಾಗಿತ್ತು. ಬಿಚ್ಚಿದ ಆರುನೂರು ಕಲ್ಲುಗಳು ಹೊಲದಲ್ಲಿ ಮಲಗಿದ್ದವು.

“ನಾನು ಬರೋವರೆಗೂ ಯಾರೂ ಮುಟ್ಟಬೇಡಿ,” ಎಂದು ಗದರಿಸಿ ಎಂಜಿನಿಯರ್ ಸಾಹೇಬರು ಹೋಗಿದ್ದರು.

ಸಾತವ್ವನಿಗೆ ತಡೆಯಲಾಗಲಿಲ್ಲ. ಗಂಡನ ಮನೆಗೆ ಹೊರಟ ಮಗಳನ್ನೂ ತಲೆಗೆ ಎರೆಯದೆ ಕಳಿಸದ ಊರಿದು. ದೇವರನ್ನು ಧೂಳುಮೈಯಲ್ಲಿ ಕಳಿಸುವುದೇ? ಓಣಿಯ ಹೆಂಗಸರನ್ನೆಲ್ಲ ಕರೆತಂದಳು. ಸಾಹೇಬರು ಬರುವುದರೊಳಗೆ ಕಲ್ಲುಗಳ ಜಳಕ ಮುಗಿಯಬೇಕು.

ಕೊನೆಯ ಕಲ್ಲಿಗೆ ಅರಿಶಿನ ಹಚ್ಚುವಾಗ ಜೀಪು ಬಂದು ನಿಂತಿತು. ಸಾಹೇಬರ ಮುಖ ಬಿಳಿಚಿಕೊಂಡಿತು.

“ಏನಮ್ಮಾ ಮಾಡಿದ್ರಿ?”

“ಸಿಟ್ಟಾಗಬ್ಯಾಡ್ರಿ ಸಾಹೇಬ್ರ, ಒಂದು ಕಲ್ಲೂ ಮುಕ್ಕಾಗಿಲ್ಲ. ಯಾವ ಪುಣ್ಯಾತ್ಮ ಸುಣ್ಣದಾಗ ಕಲ್ಲಿಗೊಂದು ಅಂಕಿ ಗೀಚಿದ್ನೋ, ಅದನ್ನ ತಿಕ್ಕಿ ತಿಕ್ಕಿ ಅಳಸೂದ್ರಾಗ ನಮ್ಮ ರಟ್ಟಿ ಬಿದ್ದು ಹೋದ್ವು ನೋಡ್ರಿ!”