ಎತ್ತಾಗಿ ಗುದ್ದಿದ ಮಧ್ಯಾಹ್ನ

ಜಾಲಿ ಕಟ್ಟಿಗೆ ಸೀಳಿದ ವಾಸನೆ ಬಂದರೆ ಇವತ್ತಿಗೂ ನನ್ನ ಹಣೆ ತುರಿಸುತ್ತದೆ.

ಹಿಂದಿನ ಸಲ ದನದ ಡಾಕ್ಟರು ಲಸಿಕೆ ಹಾಕುವಾಗ ನಮ್ಮ ಖಿಲಾರಿ ಎತ್ತು, ಕೊಂಬು ಹಿಡಿದು ನಿಂತಿದ್ದ ಅಜ್ಜನನ್ನು ಎತ್ತಿ ಒಗೆದಿತ್ತು. ಅದಕ್ಕೇ ಆ ಮಧ್ಯಾಹ್ನ ಅಜ್ಜ ಮತ್ತು ಬಡಿಗ ದಸ್ತಗೀರ ಮಾಮಾ ದೊಡ್ಡಿಯ ಬಾಯಿಗೆ, ಹೊಕ್ಕ ಎತ್ತು ತಿರುಗಲಾರದಂಥ ಇಕ್ಕಟ್ಟಿನ ಓಣಿ ಕಟ್ಟುತ್ತಿದ್ದರು. ಕಂಬಗಳನ್ನು ಆಳವಾಗಿ ಹೂಳಿಯಾಗಿತ್ತು. ಜಾಲಿಯ ಅಡ್ಡಗಳಗಳನ್ನು ಕಂಬಗಳ ಹೊರಮೈಗೆ ಮೊಳೆ ಹೊಡೆದು ಬಡಿಯುತ್ತಿದ್ದರು.

"ಹೊರಗ ಬಡಿಯೋ, ನೋಡಾಕ ಚಂದ ಇರಲಿ," ಎಂದ ಅಜ್ಜ.

ಅದೇ ಮಾತನ್ನು ನಾನು ಅಜ್ಜನ ಕೆಮ್ಮು ಸೇರಿಸಿ ಹೇಳಿದೆ. ನಾನು ಯಾರನ್ನೂ ಬಿಟ್ಟವನಲ್ಲ. ಡಾಕ್ಟರ ಮರಾಠಿಯನ್ನೂ, ಬೈಸಿಕೊಳ್ಳುವಾಗಿನ ನನ್ನದೇ ಮುಖವನ್ನೂ ಅಣಕಿಸುತ್ತಿದ್ದೆ.

"ಲೇ ಬಹುರೂಪಿ, ಹಂಗಾರ ಈಗ ಎತ್ತಾಗು ನೋಡೂನು," ಎಂದ ಮಾಮಾ.

ಓಣಿ ಹೊಕ್ಕು, ಬುಸುಗುಟ್ಟಿ, ಕಾಲು ಕೆದರಿ, ಹಣೆಯಿಂದ ಗಳಕ್ಕೆ ಗುದ್ದಿದೆ. ಮೊಳೆ ಕಿರ್ರೆಂದು ಸಡಿಲಾಗಿ ಗಳದ ತುದಿ ಅಜ್ಜನ ಕಾಲ ಬಳಿಯೇ ಬಿತ್ತು. ಅಜ್ಜ ಬಗ್ಗಿ ಸಡಿಲಾದ ಮೊಳೆ ಮುಟ್ಟಿ ನೋಡಿದ.

"ಎತ್ತು ಒಳಗಿಂದ ನೂಕತೈತಿ," ಎಂದ ಅಜ್ಜ ಮೆಲ್ಲಗೆ. "ಎಲ್ಲಾ ಬಿಚ್ಚು ದಸ್ತಗೀರ, ಕಂಬದ ಒಳಮೈಗಿ ಬಡಿ. ಮೊಳಿ ಅಲ್ಲ, ಕಂಬ ತಡೀಲಿ."

"ಹೊತ್ತು ಮುಳುಗೂದ್ರಾಗ ಮುಗಸ್ತೇನ್ರಿ ಕಾಕಾ."

ಮರುದಿನ ಖಿಲಾರಿ ಎತ್ತು ಅದೇ ಗಳಕ್ಕೆ ಗುದ್ದಿತು. ಗಳ ಅಲುಗಲಿಲ್ಲ. ಡಾಕ್ಟರು ಸೂಜಿ ಚುಚ್ಚಿದರು. ಅಜ್ಜ ಓಣಿಯ ಹೊರಗೆ ನಿಂತು ಎಲೆಯಡಿಕೆ ಜಗಿಯುತ್ತಿದ್ದ.

ಸಂಜೆ ಎತ್ತಿಗೆ ಹಿಂಡಿ ಇಟ್ಟು, ನನ್ನ ಅಂಗೈಗೆ ಬೆಲ್ಲ ಇಟ್ಟ.

"ಇಬ್ಬರೂ ಭಾಳ ಗುದ್ದೀರಿ," ಎನ್ನುತ್ತ, ಎತ್ತಿನ ಹಣೆ ಸವರಿದ ಕೈಯಿಂದಲೇ ನನ್ನ ಹಣೆಯನ್ನೂ ಸವರಿದ.